ಮರಗೆಲಸದ ಗರಗಸದಲ್ಲಿ ಪಿವಿಸಿ ಪೈಪು: 110 ಎಂಎಂ ಉದ್ದಕ್ಕೆ ಸೀಳಬೇಕು, 63 ಎಂಎಂ ನೇರ ತುಂಡಾಗಬೇಕು

ತೋಟದಮನೆ

ನಮಸ್ಕಾರ ಎಲ್ಲರಿಗೂ. ಕೊಟ್ಟಿಗೆಯ ತಗಡಿನ ಮಾಡಿಗೆ ಈಗಿರುವುದು ಅಡಿಕೆ ದಬ್ಬೆಯ ದೋಣಿ (ಮಾಡಿನ ಅಂಚಿನಲ್ಲಿ ಮಳೆನೀರು ಹಿಡಿದು ಹರಿಸುವಂಥದ್ದು). ಮಳೆಗಾಲಕ್ಕೆ ಮುಂಚೆ ಅದನ್ನು ತೆಗೆದು ಮಳೆನೀರು, ಕೊಳೆನೀರು ಸಾಗಿಸುವ 110 ಎಂಎಂ ಎಸ್‌ಡಬ್ಲ್ಯೂಆರ್ ಪೈಪನ್ನು ಉದ್ದಕ್ಕೆ ಎರಡು ಹೋಳು ಮಾಡಿ ಕಟ್ಟಬೇಕು. ಪೈಪು 3 ಮೀಟರಿನದು, ಟೈಪ್ ಎ (ತೆಳು ಗೋಡೆಯದು). ಜೊತೆಗೆ ತೋಟದ 63 ಎಂಎಂ ಲೈನಿನಲ್ಲಿ ಏಳೆಂಟು ಕಡೆ ಕತ್ತರಿಸಿ ಟೀ (ಮೂರು ಬಾಯಿಯ ಜೋಡಣೆ) ಹಾಕುವುದಿದೆ, ಬಚ್ಚಲಿಗೆ ಮುಕ್ಕಾಲು ಇಂಚಿನ ಸಿಪಿವಿಸಿ (ಬಿಸಿನೀರಿನ ಪೈಪು) ಇದೆ, 16 ಎಂಎಂ ಡ್ರಿಪ್ ಪೈಪೂ ಇದೆ.

ಪ್ಲಂಬರ್ ಸಾಮಾನು ಯಾವುದೂ ಇಲ್ಲ. ಇರುವುದು ಮರಗೆಲಸದ್ದು: ಇಂಚಿಗೆ 8 ಹಲ್ಲಿನ ಕೈಗರಗಸ, ಬೆನ್ನಿಗೆ ಹಿತ್ತಾಳೆ ಪಟ್ಟಿ ಇರುವ 14 ಹಲ್ಲಿನ ಸಣ್ಣ ಗರಗಸ, ಸಣ್ಣ ಬ್ಲೇಡು ಮೇಲೆ ಕೆಳಗೆ ಆಡುವ ಜಿಗ್‌ಸಾ, 10 ಇಂಚಿನ ಮೈಟರ್ ಸಾ (ಮೇಲಿಂದ ಇಳಿಸಿ ಅಡ್ಡ ಕೊಯ್ಯುವ ಯಂತ್ರ), ಮತ್ತೆ 4 ಇಂಚಿನ ಮಾರ್ಬಲ್ ಕಟ್ಟರಿಗೆ 40 ಹಲ್ಲಿನ ಮರದ ಬ್ಲೇಡು.

ಕೇಳಬೇಕಾದ್ದು ಇಷ್ಟು. ಇವುಗಳಲ್ಲಿ ಯಾವುದರಿಂದ ಯಾವ ಪೈಪು? ಪ್ಲಾಸ್ಟಿಕ್ ಕರಗಿ ಬ್ಲೇಡಿಗೆ ಮೆತ್ತಿಕೊಳ್ಳದ ಹಾಗೆ ಏನು ಮಾಡಬೇಕು? ದುಂಡು ಪೈಪಿನ ಮೇಲೆ ನೇರ ಗೆರೆ ಎಳೆಯುವುದು ಹೇಗೆ? ಉದ್ದಕ್ಕೆ ಸೀಳುವುದಂತೂ ಹೇಗೆಂದೇ ತಲೆಗೆ ಹೊಳೆಯುತ್ತಿಲ್ಲ.

---

ಬಾಚಿ_ಉಳಿ

ಇರುವ ಸಾಮಾನು ಧಾರಾಳ ಸಾಕು. ಅಡ್ಡಕ್ಕೆ ಕೊಯ್ಯುವುದನ್ನು ಮೊದಲು ಹೇಳುತ್ತೇನೆ. ಉದ್ದಕ್ಕೆ ಸೀಳುವುದು ಬೇರೆಯೇ ಕೆಲಸ, ಅದನ್ನು ಆಮೇಲೆ ಬರೆಯುತ್ತೇನೆ.

ಗೆರೆ ಎಳೆಯಲು ಅಂಚು ನೇರವಾಗಿರುವ ಕಾಗದವೊಂದನ್ನು ಪೈಪಿಗೆ ಬಿಗಿಯಾಗಿ ಸುತ್ತಿ. ಸುತ್ತಿ ಬಂದ ಅಂಚು ಮೊದಲಿನ ಅಂಚಿನ ಮೇಲೆ ಸರಿಯಾಗಿ ಕೂತರೆ ಗೆರೆ ತಾನಾಗಿ ಪೈಪಿಗೆ ಅಡ್ಡ ನೇರ. 63 ಎಂಎಂ ಪೈಪಿನ ಸುತ್ತಳತೆ 198 ಎಂಎಂ, ಹಾಗಾಗಿ ಎ4 ಹಾಳೆ ಉದ್ದಕ್ಕೆ ಹಿಡಿದರೆ ಸಾಕಾಗಿ ಮಿಗುತ್ತದೆ. 110ರ ಸುತ್ತಳತೆ 345 ಎಂಎಂ, ಎ4 ಸಾಲದು. ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆ ತೆಗೆದುಕೊಳ್ಳಿ. ದಿನಪತ್ರಿಕೆ ಬೇಡ, ಅದರ ಅಂಚು ನೇರ ಇರುವುದಿಲ್ಲ.

ಈಗ ಹಲ್ಲಿನ ಲೆಕ್ಕ. ಟೈಪ್ ಎ 110 ಪೈಪಿನ ಗೋಡೆ 2.2ರಿಂದ 2.7 ಎಂಎಂ. 8 ಹಲ್ಲಿನ ಗರಗಸದಲ್ಲಿ ಹಲ್ಲಿನಿಂದ ಹಲ್ಲಿಗೆ 3 ಎಂಎಂಗೂ ಮಿಕ್ಕಿದ ಅಂತರ. ಅಂದರೆ ಗೋಡೆ ಎರಡು ಹಲ್ಲಿನ ನಡುವೆ ಹೊಕ್ಕು ಕೂರುತ್ತದೆ, ಮುಂದಿನ ಹಲ್ಲು ಬಂದು ಗೋಡೆಗೆ ಡಿಕ್ಕಿ ಹೊಡೆಯುತ್ತದೆ. ಗರಗಸ ಜಿಗಿಯುವುದು, ಅಂಚು ಕಿತ್ತು ಬರುವುದು ಇದರಿಂದಲೇ. 14 ಹಲ್ಲಿನದರಲ್ಲಿ ಅಂತರ 1.8 ಎಂಎಂ, ಅದು ಸರಾಗ ಹೋಗುತ್ತದೆ. ಹ್ಯಾಕ್ಸಾ ಬ್ಲೇಡಿಗೆ 24 ಹಲ್ಲು ಇರುವುದರಿಂದ ಅದು ಇನ್ನೂ ನಯ, ಆದರೆ ಅಗಲ ಕಡಿಮೆಯಾದ ಬ್ಲೇಡು ದಾರಿ ತಪ್ಪುತ್ತದೆ. ಮರದ ಗರಗಸದ ಅಗಲ ತಗಡು ಗೆರೆ ಹಿಡಿದುಕೊಂಡು ಹೋಗುತ್ತದೆ. ಈ ಒಂದು ವಿಷಯದಲ್ಲಿ ಬಡಗಿಯ ಗರಗಸ ಪ್ಲಂಬರಿನ ಹ್ಯಾಕ್ಸಾಕ್ಕಿಂತ ಮೇಲು.

ಇದಕ್ಕಿಂತ ದೊಡ್ಡ ಗುಟ್ಟು ಪೈಪನ್ನು ತಿರುಗಿಸುವುದರಲ್ಲಿದೆ. ಮೇಲಿನಿಂದ ಶುರು ಮಾಡಿ ನೇರ ಕೆಳಗಿನ ತನಕ ಕೊಯ್ಯಬೇಡಿ. ಗರಗಸ ಪೈಪಿನ ನೆತ್ತಿಯಲ್ಲಿರುವಾಗ ತುಂಬ ಹಲ್ಲು ಒಟ್ಟಿಗೆ ತಾಗುತ್ತವೆ, ಕೆಲಸ ಮೆತ್ತಗೆ ಸಾಗುತ್ತದೆ. ನಡುಮಧ್ಯಕ್ಕೆ ಇಳಿದಾಗ ಎರಡು ಕಡೆ ಬರೀ ಗೋಡೆಯ ದಪ್ಪ ಮಾತ್ರ ತಾಗಿ ಜಿಗಿತ ಶುರುವಾಗುತ್ತದೆ. ಆದ್ದರಿಂದ ನೆತ್ತಿಯ ಗೋಡೆ ತೂತಾದ ಕೂಡಲೇ ನಿಲ್ಲಿಸಿ, ಪೈಪನ್ನು ನಿಮ್ಮ ಕಡೆಗೆ ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ, ಕೊಯ್ದ ಸೀಳಿನಲ್ಲೇ ಗರಗಸ ಇಟ್ಟು ಮುಂದುವರಿಸಿ. ಹೀಗೆ ಸುತ್ತ ಬಂದರೆ 110 ಪೈಪು ಕೂಡ ಒಂದು ಎಂಎಂ ಒಳಗೆ ನೇರ ಬರುತ್ತದೆ. ಬೆನ್ನುಪಟ್ಟಿಯ ಗರಗಸ ಆಳಕ್ಕೆ ಇಳಿಯದು ಎಂಬ ತಕರಾರೂ ಇದರಿಂದ ತಪ್ಪುತ್ತದೆ.

ಹಿಡಿತಕ್ಕೆ 2x2 ಇಂಚಿನ ಎರಡು ರೀಪುಗಳನ್ನು ಹಲಗೆಯೊಂದರ ಮೇಲೆ, ಪೈಪು ನೆಲಕ್ಕೆ ತಾಗದೆ ರೀಪುಗಳ ಒಳ ಅಂಚಿನ ಮೇಲೆ ಕೂರುವಷ್ಟು ಅಂತರ ಬಿಟ್ಟು ಹೊಡೆಯಿರಿ. 63ಕ್ಕೆ 40 ಎಂಎಂ ಅಂತರ, 110ಕ್ಕೆ 70 ಎಂಎಂ. ಎಡಗೈಯಲ್ಲಿ ಒತ್ತಿ ಹಿಡಿದರೆ ಉರುಳುವುದಿಲ್ಲ, ತಿರುಗಿಸಲೂ ಸಲೀಸು. ಕೊಯ್ಯುವ ಜಾಗ ರೀಪಿನ ತುದಿಯಿಂದ ಎರಡು ಮೂರು ಇಂಚಷ್ಟೇ ಹೊರಗಿರಲಿ. ಹೆಚ್ಚು ಹೊರಗೆ ಹೋದರೆ ಪೈಪು ನಡುಗಿ ಕಚ್ಚುತ್ತದೆ.

ಮೈಟರ್ ಸಾದಲ್ಲಿ 63 ಸಲೀಸು. 60ರಿಂದ 80 ಹಲ್ಲಿನ ಬ್ಲೇಡು ಇರಲಿ. ಪೈಪು ಹಿಂದಿನ ಬೇಲಿಗೆ (ಯಂತ್ರದ ನೇರ ತಡೆಪಟ್ಟಿಗೆ) ತಾಗಿರಬೇಕು, ಮುಂದಿನಿಂದ ಒಂದು ರೀಪು ತುಂಡನ್ನು ಒತ್ತಿ ಕ್ಲಾಂಪ್ ಮಾಡಿ. ಬ್ಲೇಡು ಪೂರ್ತಿ ವೇಗಕ್ಕೆ ಬಂದ ಮೇಲೆ ಇಳಿಸಿ, ಕೊಯ್ದಾದ ಮೇಲೆ ಕೆಳಗೇ ಹಿಡಿದು ಸ್ವಿಚ್ ಬಿಟ್ಟು, ಬ್ಲೇಡು ನಿಂತ ಮೇಲಷ್ಟೇ ಎತ್ತಿ. ತಿರುಗುತ್ತಿರುವಾಗ ಎತ್ತಿದರೆ ಬಿಡಿಯಾದ ತುಂಡನ್ನು ಹಲ್ಲು ಎಳೆದುಕೊಂಡು ಎಸೆಯುತ್ತದೆ. ನಾಲ್ಕು ಇಂಚಿಗಿಂತ ಗಿಡ್ಡ ತುಂಡುಗಳನ್ನು ಅದರಲ್ಲಿ ಕೊಯ್ಯಲೇಬೇಡಿ. 110 ಪೈಪು 10 ಇಂಚಿನ ಯಂತ್ರದಲ್ಲಿ ಒಂದೇ ಇಳಿತಕ್ಕೆ ಪೂರ್ತಿ ತುಂಡಾಗುವುದಿಲ್ಲ, ಸಾಮಾನ್ಯ ಯಂತ್ರಗಳಿಗೆ ಸುಮಾರು 90 ಎಂಎಂ ಎತ್ತರವಷ್ಟೇ ದಕ್ಕುವುದು. ಬ್ಲೇಡು ತಿರುಗುವಾಗಲೇ ಪೈಪನ್ನು ಉರುಳಿಸಿ ಮುಗಿಸುವವರಿದ್ದಾರೆ. ಅದು ಬೆರಳು ಕಳೆದುಕೊಳ್ಳುವ ದಾರಿ. 110ಕ್ಕೆ ಕೈಗರಗಸವೇ ವಾಸಿ.

ಜಿಗ್‌ಸಾ ಕೊನೆಯ ಆಯ್ಕೆ. ಮುಂದೆ ಹೋಗುತ್ತಿದ್ದ ಹಾಗೆ ಹಿಂದಿನ ಸೀಳು ಕರಗಿ ಮತ್ತೆ ಅಂಟಿಕೊಳ್ಳುತ್ತದೆ. ಬ್ಲೇಡಿನ ತುದಿ ಆಚೆ ಗೋಡೆಗೆ ಕುಟ್ಟಿದರೆ ಯಂತ್ರವೇ ಎಗರುತ್ತದೆ. ಬಳಸಲೇಬೇಕೆಂದರೆ ಆರ್ಬಿಟ್ (ಬ್ಲೇಡು ಹಿಂದೆ ಮುಂದೆ ತೂಗುವುದು) ಸೊನ್ನೆ, ವೇಗ ಅರ್ಧ.

---

ನೀರಗಂಟಿ

ಬಾಚಿ_ಉಳಿಯವರು ಹೇಳಿದ್ದು ಸರಿ. ಕತ್ತರಿಸಿದ ಮೇಲಿನ ಕೆಲಸವನ್ನು ಜನ ಮರೆಯುತ್ತಾರೆ, ಸೋರುವುದು ಅಲ್ಲಿಂದಲೇ.

ಗರಗಸದ ಅಂಚು ಒಳಗೂ ಹೊರಗೂ ಜುಂಗು ಬಿಡುತ್ತದೆ. ಹೊರಗಿನ ಅಂಚನ್ನು ಅರದಿಂದ ಸುತ್ತಲೂ ಸುಮಾರು 15 ಡಿಗ್ರಿ ಓರೆಗೆ ಇಳಿಸಿ, ತುದಿಯಲ್ಲಿ ಗೋಡೆ ಅರ್ಧದಷ್ಟು ದಪ್ಪ ಉಳಿದರೆ ಸಾಕು. ನಿಮ್ಮಲ್ಲಿ ಮರದ ಒರಟು ಅರ ಇದ್ದರೆ ಅದರಲ್ಲೇ ಆಗುತ್ತದೆ, ಕೊನೆಗೆ 100 ನಂಬರ್ ಸ್ಯಾಂಡ್ ಪೇಪರ್ ಎರಡು ಸುತ್ತು. ಈ ಓರೆ ಅಂದಕ್ಕಲ್ಲ. ಚೂಪು ಅಂಚು ಸಾಕೆಟ್ಟಿನೊಳಗೆ (ಪೈಪು ಕೂರುವ ಅಗಲ ಬಾಯಿ) ಹೋಗುವಾಗ ಹಚ್ಚಿದ ಸಾಲ್ವೆಂಟನ್ನು (ಪೈಪಿನ ಅಂಟು) ಕೆರೆದು ಮುಂದಕ್ಕೆ ತಳ್ಳಿಬಿಡುತ್ತದೆ, ಹಿಂದೆ ಒಣ ಜಾಗ ಉಳಿಯುತ್ತದೆ. ರಬ್ಬರ್ ರಿಂಗಿನ ಎಸ್‌ಡಬ್ಲ್ಯೂಆರ್ ಜಾಯಿಂಟಾದರೆ ರಿಂಗನ್ನೇ ಮಡಚಿ ಅದರ ಮನೆಯಿಂದ ಹೊರಗೆ ಹಾಕುತ್ತದೆ. ಒಳಗಿನ ಜುಂಗನ್ನು ಚಾಕುವಿನ ಬೆನ್ನಿನಲ್ಲಿ ಕೆರೆಯಿರಿ.

ಅಂಚು ಓರೆಯಾದರೆ ಎಷ್ಟು ತೊಂದರೆ? 63 ಪೈಪಿನಲ್ಲಿ 5 ಡಿಗ್ರಿ ತಪ್ಪಿದರೆ ಒಂದು ಬದಿ ಐದೂವರೆ ಎಂಎಂ ಗಿಡ್ಡ. ಸಾಲ್ವೆಂಟ್ ಸಾಕೆಟ್ ಅಷ್ಟನ್ನು ಕ್ಷಮಿಸುತ್ತದೆ. ರಿಂಗ್ ಜಾಯಿಂಟು ಕ್ಷಮಿಸುವುದಿಲ್ಲ, ಏಕೆಂದರೆ ಉದ್ದದ ಬದಿ ಮೊದಲು ರಿಂಗನ್ನು ಮುಟ್ಟಿ ಒಂದೇ ಕಡೆ ನೂಕುತ್ತದೆ.

ತೋಟದ ಲೈನಿಗೆ ಇನ್ನೊಂದು ಮುಖ್ಯ ಮಾತು. ಗರಗಸದ ಪುಡಿ ವಿದ್ಯುತ್ ಹಿಡಿದಂತೆ ಪೈಪಿನ ಒಳಗೋಡೆಗೆ ಅಂಟಿಕೊಂಡಿರುತ್ತದೆ, ಕೊಡವಿದರೆ ಬೀಳುವುದಿಲ್ಲ. ಫಿಲ್ಟರ್ ಇದೆ ಎಂದು ಸಮಾಧಾನ ಪಡುವ ಹಾಗಿಲ್ಲ. ನೀವು ಕೊಯ್ಯುವುದು ಫಿಲ್ಟರ್ ದಾಟಿದ ಮೇಲಿನ ಲೈನು, ಆ ಪುಡಿ ಹೋಗಿ ಕೂರುವುದು ನೇರ ಡ್ರಿಪ್ಪರಿನ ಬಾಯಲ್ಲಿ. ಕತ್ತರಿಸುವ ಮುಂಚೆ ಪೈಪಿನ ಒಳಗೆ, ಗೆರೆಯಿಂದ ಎರಡು ಮೂರು ಇಂಚು ಆಚೆಗೆ, ಒದ್ದೆ ಬಟ್ಟೆಯ ಉಂಡೆ ತುರುಕಿ, ಕೊಯ್ದಾದ ಮೇಲೆ ಪುಡಿಸಹಿತ ಹೊರಗೆಳೆಯಿರಿ. ಅದಕ್ಕೆ ದಾರ ಕಟ್ಟಿರಲಿ, ಇಲ್ಲದಿದ್ದರೆ ಬಟ್ಟೆ ಹುಡುಕುವುದು ಬೇರೆ ಕೆಲಸವಾದೀತು. ಹೂತ ಲೈನಾದರೆ ಬಟ್ಟೆ ತುರುಕಲು ಬಾಯಿ ಸಿಗುವುದಿಲ್ಲ. ಆಗ ಎಲ್ಲ ಜಾಯಿಂಟ್ ಮುಗಿಸಿ, ಒಣಗಿಸಿ, ಲ್ಯಾಟರಲ್ (ಕವಲು ಡ್ರಿಪ್ ಪೈಪು) ಜೋಡಿಸುವ ಮುಂಚೆಯೇ ಕೊನೆಯ ಎಂಡ್ ಕ್ಯಾಪ್ ಬಿಚ್ಚಿಟ್ಟು ಮೋಟರ್ ಓಡಿಸಿ. ನೀರು ತಿಳಿಯಾದ ಮೇಲೂ ಒಂದೆರಡು ನಿಮಿಷ ಹೋಗಲಿ.

ಸಾಲ್ವೆಂಟ್: ಎರಡೂ ಭಾಗ ಒಣಗಿರಬೇಕು, ಒರೆಸಿರಬೇಕು. ಸಾಕೆಟ್ಟಿನ ಆಳ ಅಳೆದು ಪೈಪಿನ ಮೇಲೆ ಪೆನ್ಸಿಲ್ ಗುರುತು ಹಾಕಿ. ಸಾಕೆಟ್ಟಿಗೆ ತೆಳುವಾಗಿ, ಪೈಪಿಗೆ ಸ್ವಲ್ಪ ದಪ್ಪಗೆ ಹಚ್ಚಿ, ತಳ್ಳುತ್ತ ಕಾಲು ಸುತ್ತು ತಿರುಗಿಸಿ, ಗುರುತಿನ ತನಕ ಒತ್ತಿ ಅರ್ಧ ನಿಮಿಷ ಹಿಡಿದಿರಿ. ಹಿಡಿಯದಿದ್ದರೆ ಇಳಿಜಾರು ಸಾಕೆಟ್ಟು ಪೈಪನ್ನು ಹಿಂದಕ್ಕೆ ತಳ್ಳುತ್ತದೆ. ಒತ್ತಡದ ಲೈನಿಗೆ 24 ಗಂಟೆ ಬಿಟ್ಟು ನೀರು ಬಿಡಿ. ಪಿವಿಸಿ ಸಾಲ್ವೆಂಟ್ ಡಬ್ಬಿ ಉಳಿದಿದೆ ಎಂದು ಸಿಪಿವಿಸಿಗೆ ಹಚ್ಚಬೇಡಿ. ಬಿಸಿನೀರು ಹರಿಯುವ ಜಾಯಿಂಟ್ ಅದರಿಂದ ಉಳಿಯುವುದಿಲ್ಲ.

ಮುಕ್ಕಾಲು ಇಂಚಿನ ಸಿಪಿವಿಸಿಯ ಹೊರ ಅಳತೆ 22.2 ಎಂಎಂ. 14 ಹಲ್ಲಿನ ಗರಗಸ, ಮರದ ಮೈಟರ್ ಬಾಕ್ಸು (ಗರಗಸ ನೇರ ಹೋಗುವಂತೆ ಹಿಡಿಯುವ ಪೆಟ್ಟಿಗೆ), ಮುಗಿಯಿತು. ಇದಕ್ಕೆ ಕತ್ತರಿಯಂಥ ರ್‍ಯಾಚೆಟ್ ಕಟ್ಟರ್ ಸಾಲ ತರುವ ಅಗತ್ಯವೂ ಇಲ್ಲ. ಮೊಂಡಾದ ಕಟ್ಟರ್ ಸಿಪಿವಿಸಿಯನ್ನು ಅದುಮಿ ಕಣ್ಣಿಗೆ ಕಾಣದ ಕೂದಲೆಳೆ ಬಿರುಕು ಬಿಡಿಸುತ್ತದೆ, ಅದು ಗೋಡೆಯೊಳಗೆ ಹೋದ ಮೇಲೆ ಗೊತ್ತಾಗುವುದು. 16 ಎಂಎಂ ಡ್ರಿಪ್ ಪೈಪಿಗೆ ಗರಗಸ ಬೇಡವೇ ಬೇಡ. ಗಿಡ ಕತ್ತರಿಸುವ ಸಿಕೇಚರ್ ಅಥವಾ ಹರಿತ ಚಾಕು ಸಾಕು, ಪುಡಿಯ ಕಾಟವಿಲ್ಲ.

---

ಮೋಟರ್_ಶೆಡ್

ಕಟ್ಟರ್ ಮೆಷಿನ್ನಿಗೆ ಮರದ ಬ್ಲೇಡನ್ನು ಉಲ್ಟಾ ಹಾಕಿ ಕೊಯ್ದರೆ ಪ್ಲಾಸ್ಟಿಕ್ ಒಡೆಯುವುದಿಲ್ಲ ಎನ್ನುತ್ತಾರೆ. ಶೀಟಿಗೆ ಹಾಗೆ ಮಾಡುವುದಿದೆ. ತೋಟದಮನೆಯವರು ಅದನ್ನೇ ಮಾಡಬಹುದಲ್ಲ? ಹಾಗೆಯೇ ಗೋಡೆಗೆ ತೀರಾ ಒತ್ತಿಕೊಂಡಿರುವ, ಗರಗಸ ಆಡದ ಪೈಪಿಗೆ ನೈಲಾನ್ ದಾರ ಒಳ್ಳೆಯದು. ಗಾರೆಯವರ ಗಟ್ಟಿ ದಾರವನ್ನು ಪೈಪಿನ ಹಿಂದಿನಿಂದ ಸುತ್ತಿ ಎರಡು ತುದಿ ಹಿಡಿದು ಆಚೆ ಈಚೆ ಜೋರಾಗಿ ಎಳೆದರೆ ಬಿಸಿಗೆ ಕೊಯ್ದುಕೊಂಡು ಬರುತ್ತದೆ. ಎರಡು ತುದಿಗೂ ಮರದ ಗೂಟ ಕಟ್ಟಿಕೊಳ್ಳಿ, ಇಲ್ಲದಿದ್ದರೆ ಅಂಗೈ ಸುಲಿಯುತ್ತದೆ.

---

ಬಾಚಿ_ಉಳಿ

ದಾರದ ಉಪಾಯ ಸರಿ. ನಡುವೆ ನಿಲ್ಲಿಸದೆ ಎಳೆಯಬೇಕು, ನಿಂತರೆ ದಾರ ಅಲ್ಲೇ ಅಂಟಿಕೊಳ್ಳುತ್ತದೆ. ಒಂದೇ ಜಾಗ ಉಜ್ಜಿದರೆ ದಾರವೇ ತುಂಡಾಗುತ್ತದೆ, ಉದ್ದುದ್ದ ಎಳೆತ ಇರಲಿ.

ಉಲ್ಟಾ ಬ್ಲೇಡಿಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ತೆಳು ವಿನೈಲ್ ಶೀಟಿಗೆ, ಹಳೆಯ ಕಾಲದ ಪೂರ್ತಿ ಉಕ್ಕಿನ ಬ್ಲೇಡಿಗೆ ಅದು ನಡೆಯುತ್ತದೆ. ಎರಡೂವರೆ ಎಂಎಂ ಗೋಡೆಯಲ್ಲಿ ಉಲ್ಟಾ ಹಲ್ಲು ಕೊಯ್ಯುವುದಿಲ್ಲ, ಉಜ್ಜುತ್ತದೆ. ಪಿವಿಸಿ 80 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುವ ವಸ್ತು, ಉಜ್ಜಿದರೆ ಆ ಬಿಸಿ ಕ್ಷಣದಲ್ಲಿ ಬರುತ್ತದೆ. ಇನ್ನು ಟಿಸಿಟಿ ಬ್ಲೇಡಿನ ಹಲ್ಲು ತುದಿಗೆ ಬೆಸುಗೆ ಹಾಕಿದ ಕಾರ್ಬೈಡ್ ತುಂಡು. ಹಿಂದಿನಿಂದ ಪೆಟ್ಟು ಬಿದ್ದರೆ ಆ ತುಂಡು ಕಿತ್ತು ಹಾರುವ ಸಂಭವವಿದೆ. ಬ್ಲೇಡಿನ ಮೇಲಿನ ಬಾಣದ ಗುರುತು ಇರುವುದು ಅದಕ್ಕೇ.

ಕರಗುವುದನ್ನು ತಪ್ಪಿಸುವ ದಾರಿ ಬೇರೆ. ಜನ ಹೆಚ್ಚು ಹಲ್ಲು, ನಿಧಾನ ಕೈ ಎಂದು ಲೆಕ್ಕ ಹಾಕುತ್ತಾರೆ. ಕಟ್ಟರ್ ಮೆಷಿನ್ ನಿಮಿಷಕ್ಕೆ ಹೆಚ್ಚುಕಡಿಮೆ 12,000 ಸುತ್ತು ತಿರುಗುತ್ತದೆ. 40 ಹಲ್ಲಾದರೆ ನಿಮಿಷಕ್ಕೆ 4,80,000 ಹಲ್ಲು ಹಾದುಹೋಗುತ್ತವೆ. ನೀವು ಮೆಲ್ಲಗೆ ನೂಕಿದರೆ ಒಂದೊಂದು ಹಲ್ಲಿಗೆ ಸಿಗುವ ಪಾಲು ಏನೂ ಇಲ್ಲದಷ್ಟು, ಎಲ್ಲವೂ ಉಜ್ಜಾಟ. ಆದ್ದರಿಂದ 24 ಅಥವಾ 30 ಹಲ್ಲಿನ ಬ್ಲೇಡು ಹಾಕಿ, ನಡುವೆ ತಡೆಯದೆ ಒಂದೇ ಸಮ ನೂಕಿ. ಬರುತ್ತಿರುವುದು ಬಿಡಿ ಬಿಡಿ ಚೂರಾದರೆ ವೇಗ ಸರಿ, ಎಳೆ ಎಳೆಯಾಗಿ ಜೋತು ಬಿದ್ದರೆ ನಿಧಾನವಾಯಿತು ಎಂದರ್ಥ. ಮೈಟರ್ ಸಾದಲ್ಲಿ ಸುತ್ತು ಕಡಿಮೆ, ಅದಕ್ಕೆ ಅಲ್ಲಿ ಹೆಚ್ಚು ಹಲ್ಲು ನಡೆಯುತ್ತದೆ.

ಬ್ಲೇಡು ಹಾಳಾಗುವುದೇ? ಪೈಪಿನಲ್ಲಿ ಸುಣ್ಣದಕಲ್ಲಿನ ಪುಡಿ ಬೆರೆತಿರುತ್ತದೆ, ಅಗ್ಗದ ಪೈಪಿನಲ್ಲಿ ಇನ್ನೂ ಹೆಚ್ಚು. ಉಕ್ಕಿನ ಗರಗಸದ ಮೊನೆ ಮರಕ್ಕಿಂತ ಬೇಗ ಸವೆಯುತ್ತದೆ. ಹತ್ತಿಪ್ಪತ್ತು ತುಂಡಿಗೆ ಏನೂ ಆಗದು. ಕಾರ್ಬೈಡ್ ಹಲ್ಲಿಗೆ ಲೆಕ್ಕವೇ ಇಲ್ಲ. ಮೆತ್ತಿದ ಪ್ಲಾಸ್ಟಿಕ್ಕನ್ನು ತಣ್ಣಗಾದ ಮೇಲೆ ಮರದ ಚಕ್ಕೆಯಲ್ಲಿ ಎಬ್ಬಿಸಿ ತೆಗೆಯಿರಿ, ಬೆಂಕಿ ತೋರಿಸಬೇಡಿ.

ಈಗ ಸೀಳುವ ಕೆಲಸ. ಮೊದಲು ತಿಳಿಯಬೇಕಾದ್ದು: ಪೈಪು ಉದ್ದಕ್ಕೆ ಸೀಳಿದ ಕೂಡಲೇ ಒಳಮುಚ್ಚಿಕೊಳ್ಳುತ್ತದೆ. ಕಾರ್ಖಾನೆಯಲ್ಲಿ ಬಿಸಿ ಪೈಪು ನೀರಿಗೆ ಬಂದಾಗ ಹೊರಮೈ ಮೊದಲು ತಣಿದು ಗಟ್ಟಿಯಾಗುತ್ತದೆ, ಒಳಮೈ ಆಮೇಲೆ ಕುಗ್ಗುತ್ತದೆ. ಆ ಎಳೆತ ಗೋಡೆಯೊಳಗೆ ಹಾಗೇ ಉಳಿದಿರುತ್ತದೆ. ಸೀಳು ಬಿದ್ದದ್ದೇ ತಡ, ಎರಡು ಅಂಚೂ ಬ್ಲೇಡನ್ನು ಇಕ್ಕಳದ ಹಾಗೆ ಹಿಡಿಯುತ್ತವೆ, ಯಂತ್ರ ಹಿಂದಕ್ಕೆ ಒದೆಯುತ್ತದೆ. ಅಪಾಯ ಇರುವುದು ಇಲ್ಲೇ. ಅರ್ಧಕ್ಕೆ ಸೀಳಿದ ದೋಣಿಯೂ ಬಾಯಿ ಸ್ವಲ್ಪ ಕಿರಿದಾಗಿಯೇ ಬರುತ್ತದೆ.

ಆದ್ದರಿಂದ ಅರ್ಧಕ್ಕೆ ಸೀಳುವ ಬದಲು ಮೂರರಲ್ಲಿ ಒಂದು ಪಾಲು ತೆಗೆದುಹಾಕಿ ಎನ್ನುವುದು ನನ್ನ ಸಲಹೆ. 345ರಲ್ಲಿ 115 ಎಂಎಂ ಪಟ್ಟಿ ಹೋದರೆ ಉಳಿದ ಭಾಗ ಆಳವಾಗಿ, ಬಿರುಸಾಗಿ ನಿಲ್ಲುತ್ತದೆ, ಜೋರು ಮಳೆಗೆ ನೀರು ಹಾರಿ ಹೊರಗೆ ಬೀಳುವುದೂ ಕಡಿಮೆ. ತೆಗೆದ ಪಟ್ಟಿ ಎಸೆಯಬೇಡಿ, ಕೊಕ್ಕೆಗೆ ಮೇಲಿಂದ ಕಟ್ಟುವ ಅಡ್ಡಪಟ್ಟಿ ಅದರಲ್ಲೇ ಆಗುತ್ತದೆ. ಒಂದು ಪೈಪಿನಿಂದ ಎರಡು ದೋಣಿಯ ಲಾಭ ಮಾತ್ರ ಹೋಗುತ್ತದೆ.

ಪೆಟ್ಟಿಗೆ ಹೀಗೆ ಮಾಡಿ. ಸುಮಾರು 10 ಅಡಿಯ ಹಲಗೆಯ ಮೇಲೆ ಎರಡು ಪಕ್ಕದ ಹಲಗೆ ನಿಲ್ಲಿಸಿ, ಅವುಗಳ ಎತ್ತರ 111 ಎಂಎಂ, ನಡುವಿನ ಅಂತರವೂ 111. ಪೈಪು ಅದರೊಳಗೆ ಕೂತಾಗ ನೆತ್ತಿ ಹಲಗೆಗಳ ಮಟ್ಟಕ್ಕೆ ಬರುತ್ತದೆ, ಕಟ್ಟರಿನ ತಟ್ಟೆ ಎರಡೂ ಹಲಗೆಗಳ ಮೇಲೆ ಜಾರುತ್ತದೆ. ದುಂಡಗಿನ ಪೈಪಿನ ಮೇಲೆ ತಟ್ಟೆ ಓಲಾಡುವ ಪ್ರಶ್ನೆಯೇ ಬರದು. ಒಂದು ಪಕ್ಕದ ಹಲಗೆಯ ಮೇಲೆ ನೇರವಾದ ರೀಪು ಹೊಡೆದರೆ ಅದೇ ಬೇಲಿ, ತಟ್ಟೆಯ ಅಂಚು ಅದಕ್ಕೆ ತಾಗಿ ಹೋದಾಗ ಬ್ಲೇಡು ಪೈಪಿನ ನಟ್ಟನಡುವೆ ಬರುವಂತೆ ಇಡಿ. ಸಾಕೆಟ್ ಇರುವ ತುದಿ ಪೆಟ್ಟಿಗೆಯೊಳಗೆ ಕೂರುವುದಿಲ್ಲ, ಅದನ್ನು 150 ಎಂಎಂ ಮೊದಲೇ ಕತ್ತರಿಸಿ ತೆಗೆದಿಡಿ.

ಗೆರೆಗೆ ಅಲ್ಯೂಮಿನಿಯಂ ಎಲ್ ಆಂಗಲ್ ಪೈಪಿನ ಮೇಲೆ ಕವುಚಿ ಇಟ್ಟರೆ ತಾನಾಗಿ ಉದ್ದಕ್ಕೆ ನೇರ ಕೂರುತ್ತದೆ, ಅದರ ಅಂಚಿಗೆ ಪೆನ್ಸಿಲ್ ಎಳೆಯಿರಿ. ಅಲ್ಲಿಂದ ಸುತ್ತಿನ ಮೇಲೆ 115 ಎಂಎಂ ಅಳೆದು ಇನ್ನೊಂದು ಗೆರೆ. ಪೈಪಿನ ಮೇಲಿನ ಕಂಪನಿ ಮುದ್ರೆಯ ಸಾಲನ್ನು ನಂಬಬೇಡಿ, ಅದು ಕೆಲವೊಮ್ಮೆ ಸುತ್ತಿಕೊಂಡು ಹೋಗಿರುತ್ತದೆ.

ಪಕ್ಕದ ಹಲಗೆಯ ಮೂಲಕ, ನೆಲದಿಂದ ಎರಡು ಇಂಚು ಎತ್ತರದಲ್ಲಿ, ಪೈಪಿನ ಎರಡೂ ತುದಿಗೆ ಒಂದೊಂದು ಸ್ಕ್ರೂ ಹೊಡೆಯಿರಿ. ತುದಿಯಿಂದ ಎರಡು ಇಂಚಿನೊಳಗೆ ಹೊಡೆದರೆ ಕೊನೆಗೆ ಆ ತುಂಡು ಕತ್ತರಿಸಿ ಹೋಗುತ್ತದೆ. ಬ್ಲೇಡಿನ ಆಳ 6 ಎಂಎಂ ಮಾತ್ರ ಇಡಿ. ಹೆಚ್ಚು ಇಳಿದರೆ ಅಂಚುಗಳು ಹಿಡಿಯುವ ಜಾಗವೂ ಹೆಚ್ಚು.

ಒಂದು ತುದಿಯಿಂದ ಶುರು ಮಾಡಿ. ಅರ್ಧ ಮೀಟರ್ ಹೋದ ಮೇಲೆ ಸ್ವಿಚ್ ಬಿಟ್ಟು, ಬ್ಲೇಡು ನಿಂತ ಮೇಲೆ ಹಿಂದಿನ ಸೀಳಿಗೆ ಸನ್ಮೈಕಾ ಚೂರು ಬೆಣೆ ಕೊಡಿ. ಒಂದು ಎಂಎಂ ದಪ್ಪದ ಎರಡು ಚೂರು ಜೋಡಿಸಿದರೆ ಬ್ಲೇಡು ಕೊಯ್ದ ಸೀಳಿಗೆ ಸರಿಹೊಂದುತ್ತದೆ. ಪ್ರತಿ ಅರ್ಧ ಮೀಟರಿಗೂ ಹೀಗೆ. ಆಚೆ ತುದಿಗೆ 100 ಎಂಎಂ ಇರುವಾಗ ನಿಲ್ಲಿಸಿ, ಪೂರ್ತಿ ಸೀಳಬೇಡಿ. ಆ ಉಂಗುರ ಉಳಿದಿದ್ದರೆ ಎರಡನೆಯ ಗೆರೆ ಸೀಳುವಾಗ ಪೈಪು ಆಕಾರ ಬಿಡುವುದಿಲ್ಲ. ಸ್ಕ್ರೂ ಬಿಚ್ಚಿ, ಬೆಣೆ ಹಾಗೇ ಇಟ್ಟು ಪೈಪು ತಿರುಗಿಸಿ, ಎರಡನೆಯ ಗೆರೆಯನ್ನು ನೆತ್ತಿಗೆ ತಂದು ಮತ್ತೆ ಸ್ಕ್ರೂ ಹಾಕಿ, ಅದೇ ರೀತಿ. ಕೊನೆಗೆ ಉಳಿದ 100 ಎಂಎಂ ಉಂಗುರವನ್ನು, ಈಚೆ ತುದಿಯ ಸ್ಕ್ರೂ ತೂತಿನ ಎರಡು ಇಂಚನ್ನು ಕೈಗರಗಸದಲ್ಲಿ ಅಡ್ಡ ಕೊಯ್ದುಬಿಡಿ. ಅಂಚನ್ನು ಸಣ್ಣ ಕೀಸುಳಿಯಲ್ಲಿ ಒಂದೆರಡು ಸಲ ಕೀಸಿದರೆ ಕೈ ಕೊಯ್ಯದ ಹಾಗೆ ನಯವಾಗುತ್ತದೆ. ಉಳಿ ಇಟ್ಟು ಕೊಡತಿಯಲ್ಲಿ ಹೊಡೆಯಬೇಡಿ, ಪಿವಿಸಿ ಸೀಳಿಕೊಂಡು ಓಡುತ್ತದೆ.

ಹಳೆಯ, ಬಿಸಿಲಿಗೆ ಬಿದ್ದು ಮೇಲೆ ಬಿಳಿ ಪುಡಿ ಬರುವ ಪೈಪಾದರೆ ಯಂತ್ರ ಹಾಕಲೇಬೇಡಿ. ಅದು ಗಾಜಿನಂತೆ ಚೂರಾಗಿ ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ ಯಾವ ಪೈಪಿಗೂ ಬೇಕು.

---

ತೋಟದಮನೆ

ತುಂಬ ಉಪಕಾರ ಆಯ್ತು ಬಾಚಿ_ಉಳಿಯವರೇ, ನೀರಗಂಟಿಯವರೇ. ಇನ್ನೆರಡು ಸಂಶಯ. ದೋಣಿಯ ತಳಕ್ಕೆ 63ರ ಇಳಿಪೈಪು ಕೂರಿಸಲು ತೂತು ಹೇಗೆ? ಮೂರು ದೋಣಿ ಸೇರಿಸಿ 9 ಮೀಟರ್ ಆಗಬೇಕು, ಜಾಯಿಂಟು ಸಾಲ್ವೆಂಟಿನಲ್ಲೇ ಮಾಡಲೇ?

---

ನೀರಗಂಟಿ

ತೂತಿಗೆ ಡ್ರಿಲ್ಲಿಗೆ ಹಾಕುವ ಬಳೆಯಾಕಾರದ ಗರಗಸ, ಅಂದರೆ ಸುಮಾರು 64 ಎಂಎಂ ಹೋಲ್‌ಸಾ, ಡ್ರಿಲ್ ಕನಿಷ್ಠ ವೇಗದಲ್ಲಿ. ದೋಣಿಯೊಳಗೆ ಬಾಗಿಗೆ ಸರಿಹೊಂದುವ ಮರದ ತುಂಡು ಇಟ್ಟು, ಹೊರಗಿನಿಂದ ಕೊರೆಯಿರಿ. ಚಪ್ಪಟೆ ಡ್ರಿಲ್ ಬಿಟ್, ಅಂದರೆ ಮರಕ್ಕೆ ಬಳಸುವ ಗರಿಯಂಥದ್ದು, ಬೇಡ. ಅದು ಬಾಗಿದ ಮೈಯನ್ನು ಒಂದೇ ಕಡೆ ಕಚ್ಚಿ ಬಿರುಕು ಬಿಡಿಸುತ್ತದೆ. ಹೋಲ್‌ಸಾ ಇಲ್ಲದಿದ್ದರೆ ವೃತ್ತದ ಗೆರೆಯ ಒಳಗಡೆ 6 ಎಂಎಂ ತೂತುಗಳನ್ನು ಸಾಲಾಗಿ ಕೊರೆದು, ನಡುವೆ ಕೊಯ್ದು, ಅರ್ಧದುಂಡು ಅರದಲ್ಲಿ ಸರಿಮಾಡಿ. ಜಿಗ್‌ಸಾ ಇದಕ್ಕೆ ಪರವಾಗಿಲ್ಲ.

9 ಮೀಟರನ್ನೂ ಅಂಟಿಸಬೇಡಿ. ಪಿವಿಸಿ ಪ್ರತಿ ಮೀಟರಿಗೆ, ಪ್ರತಿ ಡಿಗ್ರಿಗೆ 0.07 ಎಂಎಂ ಆಸುಪಾಸು ಹಿಗ್ಗುತ್ತದೆ. ತಗಡಿನ ಪಕ್ಕ ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ 30 ಡಿಗ್ರಿ ವ್ಯತ್ಯಾಸ ಹಿಡಿದರೆ 9 ಮೀಟರಿಗೆ 19 ಎಂಎಂ. ಎರಡೂ ಕಡೆ ಬಿಗಿದರೆ ದೋಣಿ ಹಾವಿನ ಹಾಗೆ ಡೊಂಕಾಗುತ್ತದೆ ಅಥವಾ ಕೊಕ್ಕೆಯಿಂದ ಹೊರಬರುತ್ತದೆ. ಒಂದು ಜಾಯಿಂಟ್ ಅಂಟಿಸಿ. ಅದಕ್ಕೆ ಅದೇ ಪೈಪಿನ 150 ಎಂಎಂ ಉದ್ದದ ತುಂಡನ್ನು ದೋಣಿಯ ಹಾಗೇ ಸೀಳಿ, ಹೊರಗಿನಿಂದ ಸಿಕ್ಕಿಸಿದರೆ ಗಟ್ಟಿಯಾಗಿ ಅಪ್ಪಿಕೊಳ್ಳುತ್ತದೆ. ಇನ್ನೊಂದು ಜಾಯಿಂಟಿನಲ್ಲಿ ಮೇಲಿನ ದೋಣಿಯ ತುದಿ ಕೆಳಗಿನದರೊಳಗೆ 100 ಎಂಎಂ ಚಾಚಿ ಸುಮ್ಮನೆ ಕೂತಿರಲಿ. ಇಳಿಜಾರು ಇಳಿಪೈಪಿನ ಕಡೆಗಿರುವಾಗ ಅಲ್ಲಿ ಸೋರುವುದಿಲ್ಲ. ಕೊಕ್ಕೆ ಎರಡು ಅಡಿಗೊಂದು, ಸಡಿಲವಾಗಿ. ದೋಣಿಗೆ ಸ್ಕ್ರೂ ಹೊಡೆದು ಕಟ್ಟಬೇಡಿ. ತುದಿ ಮುಚ್ಚಲು 110ರ ಸಾಮಾನ್ಯ ಎಂಡ್ ಕ್ಯಾಪ್ ಸಾಕು, ಮೂರರಲ್ಲಿ ಎರಡು ಪಾಲು ಉಳಿದ ಪೈಪಿಗೂ ಅದು ಹಿಡಿಯುತ್ತದೆ.

ಬಿಸಿಲಿನಲ್ಲಿ ಕಾದ ಪೈಪನ್ನು ಅಳೆದು ಕತ್ತರಿಸಬೇಡಿ ಎನ್ನುವುದೂ ಇದೇ ಲೆಕ್ಕದಿಂದ. ನೆರಳಿನಲ್ಲಿ ಇಟ್ಟು ತಣಿದ ಮೇಲೆ ಅಳೆಯಿರಿ. ಬಚ್ಚಲಿನ ಕಡೆ ರಿಂಗ್ ಜಾಯಿಂಟ್ ಪೈಪು ಬಳಸಿದರೆ ಪೂರ್ತಿ ಒಳಗೆ ತಳ್ಳಿ, ಮತ್ತೆ 10 ಎಂಎಂ ಹಿಂದಕ್ಕೆಳೆದು ಬಿಡಿ.

ಇನ್ನೊಂದು, ಮಾಡಿನ ಅಗಲ ಎಷ್ಟೆಂದು ನೀವು ಬರೆದಿಲ್ಲ. ಅರ್ಧಕ್ಕೆ ಸೀಳಿದ 160ರಲ್ಲಿ ಅರ್ಧಕ್ಕೆ ಸೀಳಿದ 110ರ ಎರಡು ಪಟ್ಟಿಗೂ ಹೆಚ್ಚು ನೀರು ಹಿಡಿಯುತ್ತದೆ. ಎರಡು ಅಂಕಣದ ಕೊಟ್ಟಿಗೆಯಾದರೆ ಪೈಪು ತರುವ ಮುಂಚೆ ಯೋಚಿಸಿ.

---

ಮೋಟರ್_ಶೆಡ್

ಉಲ್ಟಾ ಬ್ಲೇಡಿನ ಮಾತಿಗೆ ಬಾಚಿ_ಉಳಿಯವರು ಹೇಳಿದ್ದು ಒಪ್ಪಿದೆ. ಪುಡಿಯ ಬಗ್ಗೆ ಒಂದು ಸೇರಿಸುತ್ತೇನೆ. ಮರ ಕೊಯ್ಯುವ ಜಾಗದಲ್ಲೇ ಪೈಪು ಕೊಯ್ದರೆ ಮರದ ಹೊಟ್ಟಿಗೆ ಪ್ಲಾಸ್ಟಿಕ್ ಪುಡಿ ಬೆರೆಯುತ್ತದೆ. ಹೊಟ್ಟು ನಮ್ಮಲ್ಲಿ ಹೋಗುವುದು ಕೊಟ್ಟಿಗೆಗೆ, ಇಲ್ಲವೇ ಬಚ್ಚಲ ಒಲೆಗೆ. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಹೊಗೆ, ಗಂಟಲು ಕಣ್ಣು ಎರಡೂ ಉರಿಯುತ್ತವೆ. ಹಂಡೆಯ ತಳಕ್ಕೂ ಅದು ಒಳ್ಳೆಯದಲ್ಲ. ಹಳೆಯ ಪೈಪಾದರೆ ಅದರಲ್ಲಿ ಸೀಸದ ಸ್ಟೆಬಿಲೈಸರ್ ಇರುವ ಸಂಭವ ಹೆಚ್ಚು. ಪೈಪಿನಲ್ಲಿ ಸೀಸಕ್ಕೆ ಮಿತಿ ಹಾಕುವ ಕೇಂದ್ರದ ನಿಯಮ ಬಂದದ್ದೇ 2021ರಲ್ಲಿ. ಕೆಳಗೆ ಒಂದು ಟಾರ್ಪಾಲ್ ಹಾಸಿ, ಮೂಗಿಗೆ ಮಾಸ್ಕ್ ಕಟ್ಟಿ, ಪುಡಿಯನ್ನು ಬೇರೆ ಚೀಲಕ್ಕೆ ತುಂಬಿ. ಊದಿ ಹಾರಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

---

ತೋಟದಮನೆ

ಮಾಡು ಒಂದೇ ಅಂಕಣ, ಇಳಿಜಾರಿನಲ್ಲಿ 12 ಅಡಿ. 110ರಲ್ಲೇ ಮುಂದುವರಿಯುತ್ತೇನೆ, ಮೂರರಲ್ಲಿ ಒಂದು ಪಾಲು ತೆಗೆಯುವ ಕ್ರಮದಲ್ಲಿ. ಇಳಿಪೈಪು ಎರಡೂ ತುದಿಗೆ ಕೊಟ್ಟು ನಡುವೆ ಎತ್ತರ ಮಾಡಿದರೆ ನೀರು ಹಂಚಿಹೋಗುತ್ತದೆ ಅಲ್ಲವೇ? ಅಂಗಡಿಯಲ್ಲಿ 30 ಹಲ್ಲಿನ ಬ್ಲೇಡು ಕೇಳುವಾಗ ಬೇರೇನು ನೋಡಬೇಕು?

---

ಬಾಚಿ_ಉಳಿ

ಎರಡೂ ತುದಿಗೆ ಕೊಡುವುದು ಒಳ್ಳೆಯದು. ಆಗ ನಡುವಿನ ದೋಣಿಯ ತುದಿಗಳೇ ಎರಡೂ ಕಡೆಯ ದೋಣಿಯೊಳಗೆ ಚಾಚಲಿ, ಎರಡೂ ಜಾಯಿಂಟನ್ನು ಅಂಟಿಸದೆ ಬಿಡಬಹುದು.

ಬ್ಲೇಡು 110 ಎಂಎಂ, ನಡುವಿನ ತೂತು 20 ಎಂಎಂ. ಯಂತ್ರದ ದಂಡಕ್ಕೆ ಸರಿಯಾಗಿ ಕೂರುತ್ತದೋ ನೋಡಿ, ಸಡಿಲವಾದರೆ ಬುಷ್ ಕೇಳಿ ಹಾಕಿಸಿಕೊಳ್ಳಿ. ಬ್ಲೇಡಿನ ಮೇಲೆ ಬರೆದಿರುವ ಗರಿಷ್ಠ ಸುತ್ತು ನಿಮ್ಮ ಯಂತ್ರದ ಹೆಸರುಪಟ್ಟಿಯಲ್ಲಿರುವ ಸುತ್ತಿಗಿಂತ ಹೆಚ್ಚಿರಬೇಕು. ಏನೂ ಬರೆದಿಲ್ಲದ ಬ್ಲೇಡು ಎಷ್ಟು ಅಗ್ಗಕ್ಕೆ ಕೊಟ್ಟರೂ ತರಬೇಡಿ. ಬಂದ ಮೇಲೆ ಮೊದಲು ಕತ್ತರಿಸಿಟ್ಟ ಆ ಸಾಕೆಟ್ ತುಂಡನ್ನು ರೀಪಿಗೆ ಸ್ಕ್ರೂ ಹಾಕಿ ಅದರ ಮೇಲೆ ಒಂದು ಸೀಳು ಪ್ರಯತ್ನಿಸಿ, ಕೈಯ ವೇಗ ಗೊತ್ತಾಗುತ್ತದೆ.